ಕಣ್ಣು ತರುವ ಐಸ್ ಪೆಟ್ಟಿಗೆ

ಕೆಲವು ದಿನಗಳ ಹಿಂದೆ ನಾನು ಕೆಲಸ ಮಾಡಿದ್ದ ಸಂಸ್ಥೆಯಿಂದ ಫೋನ್ ಬಂತು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ತರಬೇತಿ ಇದೆ, ಹಿರಿಯರಾದ ನೀವು ಬಂದು ಅರ್ಧ ಗಂಟೆ ಮಾತಾಡಬೇಕು ಎಂದರು. ಆಗಲಿ, ಐಸ್ ಪೆಟ್ಟಿಗೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆಯಲ್ಲಿದ್ದ ಹುಡುಗಿ ನಕ್ಕುಬಿಟ್ಟಳು. "ಅದಕ್ಕೆ ಒಂದು ಸ್ಲೈಡ್ ಇದೆ ಮೇಡಂ. ನೀವು ಸ್ವಲ್ಪ ಸ್ಫೂರ್ತಿ ಬರೋ ಹಾಗೆ ಏನಾದ್ರೂ ಹೇಳಿ, ಸಾಕು" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಹೋಗಲಿಲ್ಲ. ಒಂದು ಸ್ಲೈಡಿನಲ್ಲಿ ಮುಗಿಯುವ ವಿಷಯವಾಗಿದ್ದರೆ ನನ್ನ ಕೆಲಸದ ಅರ್ಧ ಆಯುಷ್ಯ ಅದರ ಜಗಳದಲ್ಲೇ ಕಳೆಯುತ್ತಿರಲಿಲ್ಲ. ಅಲ್ಲಿ ಹೇಳಲು ಬಿಡದೇ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ಫೂರ್ತಿ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ನಾನು ಹೈದರಾಬಾದಿನ ಒಂದು ಐ ಬ್ಯಾಂಕಿನಲ್ಲಿ, ಅಂದರೆ ನೇತ್ರಭಂಡಾರದಲ್ಲಿ, ತಂತ್ರಜ್ಞೆಯಾಗಿದ್ದೆ. ಅಪ್ಪ ಬೀದರಿನಿಂದ ಬಂದು ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮನೆ ತಾರ್ನಾಕದಲ್ಲಿ. ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತೆಲುಗು, ಆಸ್ಪತ್ರೆಯಲ್ಲಿ ಹಿಂದಿ. ಈ ಮೂರು ಭಾಷೆಯೇ ನನ್ನನ್ನು ಆ ಕೆಲಸಕ್ಕೆ ಸೇರಿಸಿತು ಎನ್ನಬಹುದು. ಸಾವಾದ ಮನೆಗೆ ಹೋಗಿ ಮಾತಾಡಬೇಕಾದವರಿಗೆ ಆ ಮನೆಯ ಭಾಷೆ ಬರಬೇಕು.

ಕೆಲಸ ಇಷ್ಟು: ಯಾರೋ ತೀರಿಕೊಂಡಿರುತ್ತಾರೆ. ಮನೆಯವರು ಕಣ್ಣು ಕೊಡುತ್ತೇವೆ ಎಂದು ಫೋನ್ ಮಾಡುತ್ತಾರೆ. ಫ್ಯಾನ್ ಆರಿಸಿ, ಕಣ್ಣು ಮುಚ್ಚಿಸಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ ಎಂದು ಫೋನಿನಲ್ಲೇ ಹೇಳಿ, ನಾವು ಹೊರಡುತ್ತೇವೆ. ಅಲ್ಲಿ ಹೋಗಿ ಒಪ್ಪಿಗೆಗೆ ಸಹಿ ಹಾಕಿಸಿಕೊಂಡು, ಕಣ್ಣು ತೆಗೆದು, ಒದ್ದೆ ಹತ್ತಿ ಇರುವ ಸಣ್ಣ ಸೀಸೆಯಲ್ಲಿ ಕೂರಿಸಿ, ಸೀಸೆಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ತರುತ್ತೇವೆ. ನಮಗೆ ಬೇಕಾದದ್ದು ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಕಾರ್ನಿಯಾ. ಅದು ಬಿಸಿಯಾದರೆ ಕೆಡುತ್ತದೆ. ಹೆಪ್ಪುಗಟ್ಟಿದರೂ ಕೆಡುತ್ತದೆ. ಮನೆಯ ಫ್ರಿಜ್ಜಿನೊಳಗಿನಷ್ಟು ತಂಪಿನಲ್ಲಿ, ಐಸಿನ ಹತ್ತಿರ ಆದರೆ ಐಸಿಗೆ ತಾಗದ ಹಾಗೆ, ಅದು ಪ್ರಯಾಣ ಮಾಡಬೇಕು. ತೆಗೆಯುವ ಕೈ ಎಷ್ಟೇ ಚೆನ್ನಾಗಿರಲಿ, ತರುವ ಪೆಟ್ಟಿಗೆ ಸರಿಯಿಲ್ಲದಿದ್ದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೊದಮೊದಲು ನಮಗೆ ವಾಹನ ಇರಲಿಲ್ಲ. ಸಿಟಿ ಬಸ್ಸಿನಲ್ಲಿ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬರುತ್ತಿದ್ದೆ. ಒಮ್ಮೆ ಕಂಡಕ್ಟರ್ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುವುದನ್ನು ಕಂಡು, "ಚೇಪಲಾ ಅಮ್ಮಾ?" ಎಂದ. ಮೀನು ಏನಮ್ಮಾ ಎಂದು ಅವನ ಪ್ರಶ್ನೆ. ಮೀನಿನ ಲಗೇಜಿಗೆ ಬೇರೆ ಟಿಕೆಟ್ ಆಗುತ್ತದೆ. ಔಷಧಿ ಎಂದೆ. ಅವನು ನಂಬಲಿಲ್ಲ, ಮುಚ್ಚಳಕ್ಕೆ ಕೈ ಹಾಕಿದ. ನಾನು ಬಸ್ಸೇ ನಿಲ್ಲುವ ಹಾಗೆ ಕಿರುಚಿದೆ. ಮುಚ್ಚಳದ ಮೇಲೆ ಬೀಳುವ ಕೈಗಳೇ ನನ್ನ ಜೀವನದ ದೊಡ್ಡ ತಲೆನೋವಾಗುತ್ತವೆ ಎಂದು ಆಗ ಗೊತ್ತಿರಲಿಲ್ಲ. ಆ ಕಂಡಕ್ಟರನಾದರೂ ಕಣ್ಣು ಎಂದು ತಿಳಿದ ಮೇಲೆ ಕೈ ಮುಗಿದು, ಡ್ರೈವರ್ ಹಿಂದಿನ ನೆರಳಿನ ಸೀಟು ಬಿಡಿಸಿಕೊಟ್ಟ. ಓದಿದವರಲ್ಲಿ ಅಷ್ಟು ಮರ್ಯಾದೆ ನಾನು ಹೆಚ್ಚು ಕಾಣಲಿಲ್ಲ.

ನನ್ನ ತಪ್ಪನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಸೇರಿದ ಎರಡನೆಯ ಬೇಸಿಗೆ. ಬಿಸಿಲು ಹೇಗಿತ್ತೆಂದರೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಐಸ್ ಬೇಗ ಕರಗುತ್ತದೆ ಎಂಬ ಭಯಕ್ಕೆ ನಾನೊಂದು ಜಾಣತನ ಮಾಡಿದೆ. ನಮ್ಮ ಮದುವೆಮನೆಗಳಲ್ಲಿ ಐಸ್‌ಕ್ರೀಮ್ ಮಾಡುವ ಸಂಚಾ ತಿರುಗಿಸುವಾಗ ಐಸಿಗೆ ಕಲ್ಲುಪ್ಪು ಹಾಕುವುದನ್ನು ನೋಡಿದ್ದೆ. ಉಪ್ಪು ಹಾಕಿದರೆ ಇನ್ನೂ ತಣ್ಣಗಾಗುತ್ತದಲ್ಲ ಎಂದು ಪೆಟ್ಟಿಗೆಯ ಐಸಿಗೆ ಎರಡು ಹಿಡಿ ಉಪ್ಪು ಬೆರೆಸಿ, ಸೀಸೆಯನ್ನು ಅದರ ನಡುವೆ ಹೂತುಬಿಟ್ಟೆ. ತಂದು ತೆಗೆದಾಗ ಸೀಸೆಯ ಮೈಮೇಲೆ ಬಿಳಿ ಹಿಮ. ಒಳಗಿನ ಕಣ್ಣು ಗೋಲಿಯ ಹಾಗೆ ಗಟ್ಟಿಯಾಗಿತ್ತು.

ಆಗ ನಮಗೆ ಒಬ್ಬರು ಹಿರಿಯ ಡಾಕ್ಟರಮ್ಮ ಇದ್ದರು, ಧಾರವಾಡದ ಕಡೆಯವರು. ಅವರು ಬೈಯಲಿಲ್ಲ. ಕ್ಯಾಂಟೀನಿನಿಂದ ಕೊತ್ತಂಬರಿಯ ಎರಡು ಎಳೆ ತರಿಸಿ ಒಂದನ್ನು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, ಇನ್ನೊಂದನ್ನು ಮೇಲಿನ ಐಸ್ ಖಾನೆಯಲ್ಲಿ ಇಡಿಸಿದರು. ಮರುದಿನ ಎರಡನ್ನೂ ನನ್ನ ಮುಂದಿಟ್ಟರು. ಒಂದು ಹಸಿರಾಗಿ ನಿಂತಿತ್ತು. ಇನ್ನೊಂದು ಕರಗಿದ ಮೇಲೆ ಕಪ್ಪಾಗಿ ಜೋತುಬಿದ್ದಿತ್ತು.

"ನೋಡಿದ್ಯಾ? ಒಮ್ಮೆ ಹೆಪ್ಪುಗಟ್ಟಿದ್ದು ಮತ್ತ ಎದ್ದು ನಿಲ್ಲಂಗಿಲ್ಲ. ಈಗ ರಿಜಿಸ್ಟರ್ ತಗೋ, ಏನಾತು ಅದನ್ನ ಬರಿ."

"ಏನಂತ ಬರೀಲಿರಿ?"

"ಉಪ್ಪು ಹಾಕಿದ್ದೆ ಅಂತ ಬರಿ. ಸತ್ತವರ ಮ್ಯಾಲೆ ತಪ್ಪು ಹಾಕಬ್ಯಾಡ. ಅವರು ತಮ್ಮ ಕೆಲಸ ಮಾಡಿ ಹೋಗ್ಯಾರ."

ಬರೆದೆ. ಬರೆಯುವಾಗ ಅಳುತ್ತಿದ್ದೆ. ಆಮೇಲೆ ಅವರೇ ನನ್ನನ್ನು ಕರೆದುಕೊಂಡು ಆ ಮನೆಗೆ ಹೋಗಿ, ನಮ್ಮಿಂದ ತಪ್ಪಾಗಿದೆ ಎಂದು ಹೇಳಿ ಬಂದರು. ಆ ಮನೆಯ ಯಜಮಾನಿ ಮಜ್ಜಿಗೆ ಕೊಟ್ಟು ಕಳಿಸಿದರು.

ಅದರ ನಂತರ ಡಾಕ್ಟರಮ್ಮ ಮತ್ತು ನಾನು ಪೆಟ್ಟಿಗೆಯ ಹಿಂದೆ ಬಿದ್ದೆವು. ಏಪ್ರಿಲಿನ ಒಂದು ಭಾನುವಾರ ಸಂಸ್ಥೆಯ ತಾರಸಿಯ ಮೇಲೆ ಐದು ಪೆಟ್ಟಿಗೆ ಸಾಲಾಗಿ ಇಟ್ಟೆವು. ಒಂದು ಥರ್ಮೋಕೋಲಿನದು, ಎರಡು ಅಂಗಡಿಯ ಪಿಕ್ನಿಕ್ ಪೆಟ್ಟಿಗೆ, ಒಂದು ಲಸಿಕೆಯವರಿಂದ ಎರವಲು ತಂದದ್ದು, ಐದನೆಯದು ಮೀನು ಮಾರುವ ಪೋಚಮ್ಮನ ತಗಡಿನ ಪೆಟ್ಟಿಗೆ. ಎಲ್ಲದರಲ್ಲೂ ಒಂದೇ ತೂಕದ ಐಸ್. ಗಂಟೆಗೊಮ್ಮೆ ಹೋಗಿ ನೋಡಬೇಕು ಎಂದುಕೊಂಡಿದ್ದೆವು. ಪೋಚಮ್ಮ ಅಲ್ಲೇ ಕೂತಿದ್ದವಳು, "ಮೂತ ತೀಯಕಮ್ಮಾ" ಎಂದು ಗದರಿದಳು. ಮುಚ್ಚಳ ತೆಗೆಯಬೇಡ, ನೋಡಬೇಕೆಂದು ತೆಗೆದರೆ ನೋಡುವುದಕ್ಕೇ ಏನೂ ಉಳಿಯುವುದಿಲ್ಲ ಎಂದಳು. ಮೂವತ್ತು ವರ್ಷ ಐಸಿನ ಜೊತೆ ಬಾಳಿದವಳ ಮಾತು. ಕೇಳಿದೆವು. ಸಂಜೆ ಒಂದೇ ಸಲ ತೆಗೆದೆವು.

ಪಿಕ್ನಿಕ್ ಪೆಟ್ಟಿಗೆ ಎರಡರಲ್ಲಿ ನೋಡಲು ಚೆಂದವಾಗಿದ್ದದ್ದೇ ಎಲ್ಲಕ್ಕಿಂತ ಹೆಚ್ಚು ಸೋತಿತ್ತು, ಒಳಗೆ ಬರೀ ನೀರು. ಲಸಿಕೆಯವರದು ಗೆದ್ದಿತ್ತು. ಐದು ರೂಪಾಯಿಗೂ ಬಾಳದಂತೆ ಕಾಣುವ ಥರ್ಮೋಕೋಲು ಎರಡನೆಯದು. ಯಾಕೆ ಹೀಗೆ ಎಂದು ಡಾಕ್ಟರಮ್ಮ ಸೋತ ಪೆಟ್ಟಿಗೆಯ ಮುಚ್ಚಳವನ್ನು ಬೆರಳಿಂದ ಬಡಿದರು. ಖಾಲಿ ಡಬ್ಬಿಯ ಸದ್ದು ಬಂತು. ಗೋಡೆಯಲ್ಲಿ ತಂಪು ತಡೆಯುವ ನೊರೆಪದರ ತುಂಬಿದ್ದರು, ಮುಚ್ಚಳದಲ್ಲಿ ತುಂಬಿರಲಿಲ್ಲ. ಯಾರು ಬಡಿದು ನೋಡುತ್ತಾರೆ ಎಂಬ ಧೈರ್ಯ. ಹಾಗಾಗಿ ಹೊಸಬರಿಗೆ ನನ್ನ ಮೊದಲ ಮಾತು, ಪೆಟ್ಟಿಗೆಯನ್ನು ಕಣ್ಣಿಂದ ಆರಿಸಬೇಡಿ, ಮುಚ್ಚಳ ಬಡಿದು ಆರಿಸಿ. ಆಮೇಲೆ ಮುಚ್ಚಳದ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂತೋ, ಆ ಸಂದಿನಿಂದಲೇ ತಂಪೂ ಹೋಗುತ್ತದೆ. ದೊಡ್ಡ ಪೆಟ್ಟಿಗೆಯ ಆಸೆಯೂ ಬೇಡ. ಒಳಗಿನ ಖಾಲಿ ಜಾಗವೆಲ್ಲ ಬಿಸಿಗಾಳಿಗೆ ಬಿಟ್ಟಿ ಮನೆ. ಖಾಲಿ ಉಳಿದರೆ ಹಳೆಯ ಪೇಪರ್ ಒತ್ತಿ ತುಂಬಿ.

ತುಂಬುವುದಕ್ಕೂ ಒಂದು ರೀತಿಯಿದೆ. ಬಿಸಿಲಲ್ಲಿ ಬಿದ್ದಿದ್ದ ಪೆಟ್ಟಿಗೆಗೆ ಐಸ್ ಸುರಿದರೆ ಆ ಐಸ್ ಮೊದಲು ಪೆಟ್ಟಿಗೆಯನ್ನೇ ತಣ್ಣಗೆ ಮಾಡುತ್ತ ಅರ್ಧ ಸತ್ತುಹೋಗುತ್ತದೆ. ಹಿಂದಿನ ದಿನವೇ ಒಂದಷ್ಟು ಐಸ್ ಹಾಕಿ ಪೆಟ್ಟಿಗೆಯನ್ನು ತಂಪು ಮಾಡಿ ಇಟ್ಟಿರಬೇಕು. ಪುಡಿ ಐಸ್ ಬೇಗ ತಂಪು ಕೊಡುತ್ತದೆ, ಬೇಗ ಸಾಯುತ್ತದೆ. ದೊಡ್ಡ ಗಡ್ಡೆ ನಿಧಾನ, ಆದರೆ ಬಾಳುತ್ತದೆ. ನಾನು ಪೋಚಮ್ಮನಿಂದ ಕಲಿತು ಸ್ಟೀಲ್ ಡಬ್ಬಿಗಳಲ್ಲಿ ನೀರು ಹಾಕಿ ಗಡ್ಡೆ ಕಟ್ಟಿಸುತ್ತಿದ್ದೆ. ತಳಕ್ಕೆ ಗಡ್ಡೆ, ಸುತ್ತ ಪುಡಿ, ನಡುವೆ ಜಾಲರಿಯ ತಟ್ಟೆ, ಅದರ ಮೇಲೆ ಬಟ್ಟೆ ಸುತ್ತಿದ ಸೀಸೆ, ಮೇಲೆ ಮತ್ತೆ ಬಟ್ಟೆಯ ಮರೆಯಲ್ಲಿ ಐಸ್. ತಂಪು ಇಳಿಯುವುದು ಮೇಲಿನಿಂದ ಕೆಳಕ್ಕೆ, ಅದನ್ನು ಮರೆತವರ ಐಸ್ ಕೆಳಗಿದ್ದೂ ಸೀಸೆ ಬಿಸಿಯಾಗುತ್ತದೆ. ಕರಗಿದ ನೀರನ್ನು ದಾರಿಯಲ್ಲಿ ಚೆಲ್ಲಬೇಡಿ, ಅದೂ ತಂಪೇ. ಸೀಸೆ ಅದರಲ್ಲಿ ಮುಳುಗದಿದ್ದರೆ ಸಾಕು. ಆಮೇಲೆ ಮುಚ್ಚಿ, ಸಂದಿಗೆ ಟೇಪಿನ ಪಟ್ಟಿ ಅಂಟಿಸಿ, ಮೇಲೊಂದು ಒದ್ದೆ ಗೋಣಿ ಹಾಕಿ. ಇಷ್ಟು ಮಾಡಿದರೆ ಮೇ ತಿಂಗಳಲ್ಲೂ ಕಲಬುರಗಿಯಿಂದ ರೈಲಿನಲ್ಲಿ ಕಣ್ಣು ತಂದು ಪೆಟ್ಟಿಗೆ ತೆಗೆದಾಗ ಗಡ್ಡೆ ಗಡ್ಡೆಯಾಗಿಯೇ ಇರುತ್ತಿತ್ತು.

ಇದನ್ನೆಲ್ಲ ನಾವು ನಾಲ್ಕು ಪುಟ ಬರೆದು ಗೋಡೆಗೆ ಹಾಕಿದ್ದೆವು. ಡಾಕ್ಟರಮ್ಮ ನಿವೃತ್ತರಾದ ಮೇಲೆ ಬಂದ ಆಡಳಿತಾಧಿಕಾರಿ ಗೋಡೆಗೆ ಬಣ್ಣ ಹೊಡೆಸುವಾಗ ಅದನ್ನು ಕಿತ್ತು ಹಾಕಿಸಿದರು. ಅವರು ಕಣ್ಣಿನವರಲ್ಲ, ಆಸ್ಪತ್ರೆಯವರೂ ಅಲ್ಲ. ಪ್ರಚಾರದಲ್ಲಿ ಪಳಗಿದವರು ಎಂದು ತಂದಿದ್ದರು. ಬಂದ ವರ್ಷವೇ ನಮ್ಮ ಹಳೆಯ ದಪ್ಪ ಪೆಟ್ಟಿಗೆಗಳನ್ನು ಗೋದಾಮಿಗೆ ಹಾಕಿ, ಹೊಸದಾಗಿ ಇಪ್ಪತ್ತು ನೀಲಿ ಪೆಟ್ಟಿಗೆ ತರಿಸಿದರು. ಚಕ್ರ ಇತ್ತು, ಎಳೆಯುವ ಹಿಡಿ ಇತ್ತು, ಪಕ್ಕದಲ್ಲಿ ಸಂಸ್ಥೆಯ ಗುರುತು ಮತ್ತು ಒಂದು ನಗುವ ಕಣ್ಣಿನ ಚಿತ್ರ. ನಾನು ಮೊದಲನೆಯ ಪೆಟ್ಟಿಗೆ ಕೈಗೆ ಬಂದ ಕೂಡಲೇ ಮುಚ್ಚಳ ಬಡಿದೆ. ಖಾಲಿ ಸದ್ದು.

ಅವರಿಗೆ ಕನ್ನಡ ಬಾರದು, ಕೋಣೆಗೇ ಹೋಗಿ ಹಿಂದಿಯಲ್ಲಿ ಹೇಳಿದೆ. "ಸರ್, ಇದರ ಮುಚ್ಚಳ ಟೊಳ್ಳು. ತಾರಸಿ ಮೇಲೆ ಒಂದು ದಿನ ಇಟ್ಟು ನೋಡೋಣ, ನೀವೇ ಬಂದು ನೋಡಿ."

ಅವರು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. "ಮೇಡಂ, ನೀವು ಕಣ್ಣು ತರೋರೋ, ಐಸ್ ಮಾರೋರೋ?" ಎಂದರು. ಅಲ್ಲಿ ಕೂತಿದ್ದ ಇಬ್ಬರು ನಕ್ಕರು. ಬರಹದಲ್ಲಿ ಆಕ್ಷೇಪ ಕೊಟ್ಟೆ. ಉತ್ತರ ಬರಲಿಲ್ಲ. ನಾನು ಪೆಟ್ಟಿಗೆಯ ಮುಚ್ಚಳದೊಳಗೆ ಥರ್ಮೋಕೋಲಿನ ಹಾಳೆ ಕತ್ತರಿಸಿ ಅಂಟಿಸಿಕೊಂಡೆ. ಅದನ್ನೂ ಒಂದು ದಿನ ತೆಗೆಸಿದರು, ನೋಡಲು ಅಸಹ್ಯವಾಗುತ್ತದೆ ಎಂದು.

ಈಗ ಹಣಮವ್ವನ ವಿಷಯ. ಇದನ್ನು ಬರೆಯುವುದಕ್ಕೇ ಉಳಿದದ್ದನ್ನೆಲ್ಲ ಬರೆದೆ ಎಂದುಕೊಳ್ಳಿ.

ಲಿಂಗಂಪಲ್ಲಿಯ ಆಚೆ ಎತ್ತರದ ಕಟ್ಟಡಗಳು ಏಳುತ್ತಿದ್ದ ಜಾಗದಲ್ಲಿ ತಗಡಿನ ಶೆಡ್ಡುಗಳ ಸಾಲು ಇತ್ತು. ಯಾದಗಿರಿ, ರಾಯಚೂರು ಕಡೆಯ ಕೂಲಿಕಾರರು ಅಲ್ಲಿದ್ದರು. ಮೇ ತಿಂಗಳ ಒಂದು ಬೆಳಿಗ್ಗೆ ಅಲ್ಲಿಂದ ಫೋನ್ ಬಂತು. ಮಾತಾಡಿದವನು ಸಾಬಣ್ಣ ಎಂಬ ಗೌಂಡಿ. ಕಲ್ಲು ಇಟ್ಟಿಗೆ ಕಟ್ಟುವವರನ್ನು ನಮ್ಮ ಕಡೆ ಹಾಗೆಯೇ ಕರೆಯುತ್ತಾರೆ. ತಾಯಿ ಹಣಮವ್ವ ಈಗಷ್ಟೇ ತೀರಿಕೊಂಡಳು, ಕಣ್ಣು ಕೊಡಬೇಕು ಎಂದ. ನಾನು ಹೋದಾಗ ಶೆಡ್ಡಿನೊಳಗೆ ಸೆಕೆ ಕುದಿಯುತ್ತಿತ್ತು. ಆದರೂ ಫ್ಯಾನ್ ಆರಿಸಿದ್ದರು. ಸೊಸೆ ಒಂದೇ ಸಮನೆ ಹತ್ತಿಗೆ ನೀರು ಹಾಕುತ್ತ ಅತ್ತೆಯ ತಲೆದೆಸೆಯಲ್ಲಿ ಕೂತಿದ್ದಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದರು. ನಮ್ಮ ದೊಡ್ಡ ಬಂಗಲೆಯವರಿಗೂ ನಾಲ್ಕು ಸಲ ಹೇಳಬೇಕಾಗುತ್ತಿತ್ತು.

ಸಹಿ ಹಾಕುವಾಗ ಸಾಬಣ್ಣ ತನ್ನ ಬಲಗಣ್ಣು ತೋರಿಸಿದ. "ಇದು ಯಾರದೋ ಕಣ್ಣರಿ ಅಕ್ಕಾರ. ಹುಡುಗ ಇದ್ದಾಗ ಕಲ್ಲಿನ ಚಕ್ಕಿ ಸಿಡದು ಕಣ್ಣಾಗ ಬಿಳಿ ಹೂ ಬಿದ್ದು ಕಾಣದಂಗ ಆಗಿತ್ತು. ಇಲ್ಲೇ ಹೈದ್ರಾಬಾದಿನ್ಯಾಗ ಕೂಡ್ಸಿದ್ರು. ನಮ್ಮವ್ವ ಅವತ್ತಿನಿಂದ ಒಂದ ಮಾತು ಹೇಳ್ತಿದ್ಲು, ನನ್ನ ಮಣ್ಣು ಮಾಡೂಕ್ಕಿಂತ ಮೊದ್ಲು ಇಸ್ಕೊಂಡಿದ್ದು ತಿರುಗಿ ಕೊಡು ಅಂತ."

ಹಣಮವ್ವನ ಕಣ್ಣು ಎಷ್ಟು ಚೆನ್ನಾಗಿದ್ದವೆಂದರೆ, ಆ ವಯಸ್ಸಿನಲ್ಲಿ ಅಷ್ಟು ತಿಳಿಯಾದ ಕಾರ್ನಿಯಾ ಅಪರೂಪ. ನೀಲಿ ಪೆಟ್ಟಿಗೆಯಲ್ಲಿ ನನಗೆ ತಿಳಿದಷ್ಟು ಜೋಪಾನ ಮಾಡಿ ತುಂಬಿದೆ. ನೇರವಾಗಿ ಬಂದರೆ ಒಂದು ಗಂಟೆಯ ದಾರಿ, ಅಷ್ಟು ಹೊತ್ತು ಐಸ್ ತಡೆಯುತ್ತದೆ ಎಂದುಕೊಂಡೆ.

ಅರ್ಧ ದಾರಿಯಲ್ಲಿ ಡ್ರೈವರ್ ಯಾದಯ್ಯನಿಗೆ ಫೋನ್ ಬಂತು. ಗಾಡಿ ನಾಂಪಲ್ಲಿಗೆ ತಿರುಗಿಸು ಎಂದು. ಅಲ್ಲಿ ಒಂದು ಸಭಾಂಗಣದಲ್ಲಿ ನಮ್ಮ ಸಂಸ್ಥೆಯ ನೇತ್ರದಾನ ಜಾಗೃತಿ ಸಭೆ ನಡೆದಿತ್ತು. ನಾನು ಫೋನ್ ಕಸಿದುಕೊಂಡು, ಪೆಟ್ಟಿಗೆಯಲ್ಲಿ ಕಣ್ಣಿದೆ ಸರ್, ಆಗದು ಎಂದೆ. "ಅದಕ್ಕೇ ಕರೀತಿರೋದು. ಹತ್ತೇ ನಿಮಿಷ. ಅತಿಥಿಗಳು ಕಾಯ್ತಿದ್ದಾರೆ" ಎಂದು ಅಧಿಕಾರಿ ಫೋನ್ ಇಟ್ಟರು.

ಹತ್ತು ನಿಮಿಷ ಎರಡೂವರೆ ಗಂಟೆಯಾಯಿತು. ಮೊದಲು ಮುಖ್ಯ ಅತಿಥಿ ಬರಲಿಲ್ಲ. ಬಂದ ಮೇಲೆ ಹಾರ, ಶಾಲು, ದೀಪ. ಪೆಟ್ಟಿಗೆಯನ್ನು ವೇದಿಕೆಯ ಮೇಲೆ, ದೊಡ್ಡ ದೀಪಗಳ ಎದುರು ಮೇಜಿನ ಮೇಲೆ ಇಡಿಸಿದರು. ಆಮೇಲೆ ಅಧಿಕಾರಿ ಮೈಕಿನಲ್ಲಿ, ಈಗಷ್ಟೇ ಒಬ್ಬ ಬಡ ತಾಯಿಯ ಕಣ್ಣುಗಳು ಇಲ್ಲಿಗೆ ಬಂದಿವೆ ಎಂದು ಹೇಳಿ, ನಾನು ಅಂಟಿಸಿದ್ದ ಪಟ್ಟಿ ಕಿತ್ತು ಮುಚ್ಚಳ ತೆಗೆದರು. ಜನ ಚಪ್ಪಾಳೆ ತಟ್ಟಿದರು. ಫೋಟೋದವನಿಗೆ ಸರಿಯಾಗಿ ಸಿಗಲಿಲ್ಲವೆಂದು ಇನ್ನೊಮ್ಮೆ ತೆಗೆದರು. ಮುಖ್ಯ ಅತಿಥಿ ಬಗ್ಗಿ ನೋಡಿ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು.

ನಾನು ಪಕ್ಕದಲ್ಲೇ ನಿಂತಿದ್ದೆ. ಬಸ್ಸಿನ ಕಂಡಕ್ಟರನ ಮೇಲೆ ಕಿರುಚಿದವಳು ಅಲ್ಲಿ ಕಿರುಚಲಿಲ್ಲ. ಪೆಟ್ಟಿಗೆಯನ್ನು ನನ್ನ ಕೈಯಾರೆ ಕೊಟ್ಟೆ. ಅಧಿಕಾರಿಯ ಮೇಲಿನ ಸಿಟ್ಟು ಹೇಳಿ ಮುಗಿಸಬಲ್ಲೆ. ಇದರ ಸಿಟ್ಟು ಈಗಲೂ ಮುಗಿದಿಲ್ಲ.

ಪ್ರಯೋಗಾಲಯಕ್ಕೆ ಬಂದು ತೆಗೆದಾಗ ಐಸಿನ ಚೂರೂ ಇರಲಿಲ್ಲ. ಸೀಸೆ ಬೆಚ್ಚಗಿತ್ತು. ಹೊಸ ಡಾಕ್ಟರ್ ಒಬ್ಬ ತರುಣ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, ಕಸಿಗೆ ಬರುವುದಿಲ್ಲ, ಎರಡೂ ಬರುವುದಿಲ್ಲ ಎಂದ.

ಕಾರಣ ಬರೆಯುವ ಅಂಕಣ ಒಂದಿರುತ್ತದೆ. ಸಂಜೆ ಅಧಿಕಾರಿಯೇ ಕೆಳಗೆ ಬಂದರು. ದಾನಿಯ ವಯಸ್ಸು, ಸಕ್ಕರೆ ಕಾಯಿಲೆ ಎಂದು ಬರೆಯಿರಿ ಎಂದರು. ಹಣಮವ್ವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ ಎಂದೆ. ಅವರು ನಗುತ್ತ ಹೈದರಾಬಾದಿ ಹಿಂದಿಯಲ್ಲಿ, "ಮರೀ ಸೋ ಬುಡ್ಢಿ ಆಕೋ ಪೂಛತೀ ಕ್ಯಾ?" ಎಂದರು. ಸತ್ತ ಮುದುಕಿ ಬಂದು ಕೇಳುತ್ತಾಳೇನು ಎಂದು.

ಆ ಮಾತು ಕೇಳಿದ ಮೇಲೆ ನನಗೆ ಭಯ ಹೋಯಿತು. ಸಭೆಯಲ್ಲಿ ಮುಚ್ಚಳ ಎರಡು ಸಲ ತೆರೆದದ್ದರಿಂದ, ಪೆಟ್ಟಿಗೆಯ ಮುಚ್ಚಳ ಟೊಳ್ಳಾಗಿದ್ದರಿಂದ, ಐಸ್ ಕರಗಿ ಕಾರ್ನಿಯಾ ಕೆಟ್ಟಿದೆ ಎಂದು ಅವರ ಮುಂದೆಯೇ ಬರೆದು ಸಹಿ ಹಾಕಿದೆ. ಡಾಕ್ಟರ್ ಹುಡುಗ ನೋಡಿಯೂ ನೋಡದವನಂತೆ ಕೈ ತೊಳೆಯಲು ಹೋದ. ಮರುವಾರ ನನಗೊಂದು ಆದೇಶ ಬಂತು. ಓಡಾಡುವ ಕೆಲಸಕ್ಕೆ ವಯಸ್ಸಾಗಿದೆ, ಇನ್ನು ಮುಂದೆ ಸ್ವಾಗತದ ಮೇಜಿನಲ್ಲಿ ಕೂತು ದಾನಿಗಳ ಮನೆಯವರ ಜೊತೆ ಮಾತಾಡುವುದು.

ಅದೇ ಮೇಜಿಗೆ ಎರಡು ತಿಂಗಳ ಮೇಲೆ ಸಾಬಣ್ಣ ಬಂದ. ಒಗೆದ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಹಾಕಿಸಿದ ಒಂದು ಕಾಗದ. ನಮ್ಮ ಸಂಸ್ಥೆಯ ಧನ್ಯವಾದ ಪತ್ರ. ಎಲ್ಲರಿಗೂ ಹೋಗುವ ಅಚ್ಚಿನ ಪತ್ರ ಅದು, ಹೆಸರು ಮಾತ್ರ ಬದಲು. ನಿಮ್ಮ ತಾಯಿಯ ಕಣ್ಣುಗಳು ಇಬ್ಬರ ಬಾಳಿಗೆ ಬೆಳಕಾಗಿವೆ ಎಂದು ಅದರಲ್ಲಿತ್ತು. ಯಾರೂ ಅದನ್ನು ತಡೆದಿರಲಿಲ್ಲ.

"ಅಕ್ಕಾರ, ಇದನ್ನ ನಮ್ಮ ಇಂಜಿನೇರ್ ಸಾಹೇಬ್ರು ಓದಿ ಹೇಳಿದ್ರು" ಎಂದ. "ನಾ ಏನೂ ಕೇಳಂಗಿಲ್ಲ. ಅವರಿಬ್ಬರನ್ನ ಒಮ್ಮೆ ದೂರದಿಂದ ನೋಡಬೇಕಾಗೈತಿ. ಮಾತಾಡ್ಸಂಗಿಲ್ಲ. ನಮ್ಮವ್ವನ ಕಣ್ಣು ನೋಡಾಕತ್ತಾವು ಅನ್ನೂದು ನೋಡಿ ಹೋಗಿಬಿಡ್ತೀನಿ."

ಕಣ್ಣು ಯಾರಿಗೆ ಹೋಯಿತೆಂದು ದಾನಿಯ ಮನೆಯವರಿಗೆ ಹೇಳಬಾರದೆಂಬ ನಿಯಮವಿದೆ. ನನಗೆ ಅಷ್ಟೇ ಸಾಕಿತ್ತು. ಅದರ ಹಿಂದೆ ಅಡಗಿಕೊಳ್ಳಬಹುದಿತ್ತು. "ಹಂಗ ಹೇಳಾಕ ಬರಂಗಿಲ್ಲಪಾ" ಎಂದು ಶುರುವನ್ನೂ ಮಾಡಿದೆ. ಅವನು ತಲೆಯಾಡಿಸಿ, "ಹೌದೇನ್ರಿ, ಇರ್ಲಿ ಬಿಡ್ರಿ, ಚಲೋ ಇದ್ರ ಸಾಕು" ಎಂದು ಕಾಗದವನ್ನು ಎದೆಗೆ ಒತ್ತಿಕೊಂಡು ಎದ್ದ. ಅದನ್ನು ನೋಡಲು ಆಗಲಿಲ್ಲ. ಕೂಡಿಸಿ, ನಡೆದದ್ದನ್ನೆಲ್ಲ ಹೇಳಿದೆ. ಪೆಟ್ಟಿಗೆ, ಸಭೆ, ಚಪ್ಪಾಳೆ, ಮೇಲಿನ ಗೋಡೆಗೆ ಹಾಕಿಸಿದ ಫೋಟೋ, ಎಲ್ಲ.

ಅವನು ಕೇಳಿದ್ದು ಒಂದೇ ಪ್ರಶ್ನೆ. "ನೀವು ಯಾಕ ಕೊಟ್ರಿ ಅಕ್ಕಾರ, ಡಬ್ಬಿ?"

"ಅಂಜಿದೆ ತಮ್ಮಾ" ಎಂದೆ.

ಅವನು ಎದ್ದು ಮೆಟ್ಟಿಲು ಹತ್ತಿದ. ನಾನೂ ಹಿಂದೆ ಹೋದೆ. ಮೇಲಿನ ಪಡಸಾಲೆಯ ಗೋಡೆಯಲ್ಲಿ, ಅಧಿಕಾರಿಯ ಕೋಣೆಯ ಬಾಗಿಲ ಪಕ್ಕ, ಆ ಸಭೆಯ ಫೋಟೋ ದೊಡ್ಡದಾಗಿ ಕಟ್ಟು ಹಾಕಿಸಿ ತೂಗುಹಾಕಿದ್ದರು. ತೆರೆದ ನೀಲಿ ಪೆಟ್ಟಿಗೆ, ಸುತ್ತ ನಗುವವರು, ಕಣ್ಣೀರು ಒರೆಸುವ ಅತಿಥಿ. ಸಾಬಣ್ಣ ಅದರ ಮುಂದೆ ನಿಂತ. ಹೊರಗೆ ಬಂದ ಅಧಿಕಾರಿ ಯಾರು ಇವನು ಎಂದು ನನ್ನನ್ನು ಕೇಳಿದರು. ಉತ್ತರ ಅವನೇ ಕೊಟ್ಟ, ಕನ್ನಡದಲ್ಲೇ.

"ಇದರಾಗ ನಮ್ಮವ್ವ ಅದಾಳ್ರಿ. ಇಳಸ್ರಿ ಇದನ್ನ."

ಅಧಿಕಾರಿಗೆ ಕನ್ನಡ ತಿಳಿಯದು. ಆದರೆ ತಿಳಿಯಿತು. ಬನ್ನಿ, ಚಹಾ ಕುಡಿಯೋಣ, ಮಾತಾಡೋಣ ಎಂದು ಹಿಂದಿಯಲ್ಲಿ ಶುರುಮಾಡಿದರು. ಸಾಬಣ್ಣ ಚಹಾಕ್ಕೆ ನಿಲ್ಲಲಿಲ್ಲ. ಎರಡೂ ಕೈ ಚಾಚಿ ಫೋಟೋವನ್ನು ಮೊಳೆಯಿಂದ ಬಿಡಿಸಿ, ಒಡೆಯದ ಹಾಗೆ ಮೆಲ್ಲಗೆ ನೆಲದ ಮೇಲಿಟ್ಟು, ಮುಖ ಗೋಡೆಯ ಕಡೆ ತಿರುಗಿಸಿದ. ಪ್ಲಾಸ್ಟಿಕ್ ಹಾಕಿಸಿದ ಪತ್ರವನ್ನು ಅದರ ಪಕ್ಕ ಇಟ್ಟು ಇಳಿದು ಹೋದ. ಕಾವಲುಗಾರ ನೋಡುತ್ತ ನಿಂತಿದ್ದ, ಅವನೂ ತಡೆಯಲಿಲ್ಲ.

ಆ ಫೋಟೋ ಮತ್ತೆ ಗೋಡೆ ಏರಲಿಲ್ಲ. ನೀಲಿ ಪೆಟ್ಟಿಗೆಗಳು ಮಾತ್ರ ಆ ವರ್ಷವೆಲ್ಲ ಓಡಾಡಿದವು. ರಿಜಿಸ್ಟರಿನಲ್ಲಿ ನಾನು ಬರೆದ ಸಾಲು ಸಂಸ್ಥೆಯ ತಪಾಸಣೆಗೆ ಬಂದ ಒಬ್ಬ ಡಾಕ್ಟರ ಕಣ್ಣಿಗೆ ಬಿದ್ದ ಮೇಲೆ ಅವುಗಳನ್ನು ನಿಲ್ಲಿಸಿದರು, ದಪ್ಪ ಪೆಟ್ಟಿಗೆಗಳು ಗೋದಾಮಿನಿಂದ ಬಂದವು, ನನ್ನನ್ನೂ ಹಳೆಯ ಕೆಲಸಕ್ಕೆ ಹಾಕಿದರು. ಅಧಿಕಾರಿಗೆ ಏನಾಯಿತು ಎಂದು ಕೇಳಬೇಡಿ. ಇನ್ನೂ ದೊಡ್ಡ ಕಡೆ ಹೋದರು. ಅಂಥವರು ಹೋಗುವುದೇ ಮೇಲಕ್ಕೆ.

ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಸಾಬಣ್ಣನ ಫೋನ್ ಬಂತು. ಧ್ವನಿ ಕೇಳಿದ ಕೂಡಲೇ ಗುರುತಾಯಿತು. ಅವನ ಸೋದರಮಾವ ತೀರಿಕೊಂಡಿದ್ದ, ಅದೇ ಶೆಡ್ಡಿನ ಸಾಲಿನಲ್ಲಿ. ಕಣ್ಣು ಕೊಡುತ್ತೇವೆ, ನೀವೇ ಬರಬೇಕು ಎಂದ. ಇಷ್ಟಾದ ಮೇಲೂ ನಮಗೇ ಕೊಡುತ್ತೀಯಾ ಎಂದು ಕೇಳಿದೆ.

"ಕೊಡೂದು ನಮ್ಮ ಕೆಲಸರಿ ಅಕ್ಕಾರ, ಅದನ್ನ ನಾವು ಬಿಡಂಗಿಲ್ಲ" ಎಂದ. "ಆದ್ರ ಈ ಸಲ ಡಬ್ಬಿ ಜೋಡಿ ನಾನೂ ಬರ್ತೀನಿ."

ಕೆಲಸ ಮುಗಿಸಿ ಪೆಟ್ಟಿಗೆ ತುಂಬುವಾಗ ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪ್ರತಿಯೊಂದನ್ನೂ ನೋಡಿದ. ಗಡ್ಡೆ ಯಾಕೆ ಕೆಳಗೆ, ಬಟ್ಟೆ ಯಾಕೆ ನಡುವೆ, ಎಲ್ಲ ಕೇಳಿ ತಿಳಿದುಕೊಂಡ. ಪಟ್ಟಿಯನ್ನು ತಾನೇ ಅಂಟಿಸಿದ. ಹೊರಗೆ ಚಟ್ಟ ಕಟ್ಟುತ್ತಿದ್ದರು. ಹಲಿಗೆ ಬಡಿಯುವವರು ಬಂದಾಗಿತ್ತು. ಅವನ ಹೆಂಡತಿ, "ನೀವು ಹೋದ್ರ ಇಲ್ಲಿ ಹೆಗಲು ಕೊಡಾವ್ರು ಯಾರು?" ಎಂದಳು. "ಎರಡು ತಾಸು ನಿಲ್ಸ್ರಿ, ಬರ್ತೀನಿ" ಎಂದು ಹೇಳಿ ಗಾಡಿ ಹತ್ತಿದ.

ದಾರಿಯುದ್ದಕ್ಕೂ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು, ಮುಚ್ಚಳದ ಮೇಲೆ ಸಿಮೆಂಟಿನಿಂದ ಒಡೆದ ಎರಡೂ ಅಂಗೈ. ಗೇಟಿನಲ್ಲಿ ಹೊಸ ಕಾವಲುಗಾರ ತಪಾಸಣೆಗೆ ತೆಗೆದು ತೋರಿಸಿ ಎಂದ. ಸಾಬಣ್ಣ ಅವನನ್ನು ನೋಡಿದ ರೀತಿಗೆ ಅವನೇ ಹಿಂದೆ ಸರಿದ. ಪ್ರಯೋಗಾಲಯದೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಅವನು ಬಾಗಿಲಿನ ಗಾಜಿಗೆ ಮುಖ ಒತ್ತಿ ನಿಂತ. ನಾನು ಪೆಟ್ಟಿಗೆ ತೆಗೆದು, ಕರಗದೆ ಉಳಿದಿದ್ದ ಗಡ್ಡೆಯನ್ನು ಎತ್ತಿ ಗಾಜಿನ ಈಚೆಯಿಂದ ತೋರಿಸಿದೆ. ಥರ್ಮಾಮೀಟರನ್ನೂ ತೋರಿಸಿದೆ, ನಾಲ್ಕು ಡಿಗ್ರಿ. ಡಾಕ್ಟರ್ ನೋಡಿ ಎರಡೂ ಚೆನ್ನಾಗಿವೆ ಎಂದ ಮೇಲೆ ಹೊರಗೆ ಬಂದು ಹೇಳಿದೆ. ಅವನು "ಆತು ಬಿಡ್ರಿ" ಎಂದಷ್ಟೇ ಹೇಳಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮಾವನ ಮಣ್ಣಿಗೆ ಹೊತ್ತಾಯಿತೆಂದು ಬಸ್ಸಿಗೆ ಓಡಿದ. ಗಾಡಿ ಇದೆ, ಬಿಟ್ಟು ಬರುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಗೇಟು ದಾಟಿದ್ದ.

ಹೊಸದಾಗಿ ಈ ಕೆಲಸಕ್ಕೆ ಬಂದವರೇ, ನಿಮಗೆ ಇದನ್ನು ಕೇಳಿ ಕಣ್ಣು ತುಂಬಿದರೆ ಅದು ನನಗೆ ಬೇಡ. ನಾಚಿಕೆಯಾಗಬೇಕು. ಸೋದರಮಾವನಿಗೆ ಹೆಗಲು ಕೊಡಬೇಕಾದ ಮನುಷ್ಯ, ನಾವು ಮುಚ್ಚಳ ತೆಗೆದೇವೆಂಬ ಭಯಕ್ಕೆ, ನಮ್ಮ ಬಾಗಿಲ ಗಾಜಿನಲ್ಲಿ ಕಾವಲು ನಿಂತಿದ್ದ. ನಿಮ್ಮ ಕಾಲದಲ್ಲಿ ಯಾರೂ ಹಾಗೆ ನಿಲ್ಲುವಂತೆ ಆಗಕೂಡದು. ಅವರನ್ನು ತಮ್ಮವರ ಮಣ್ಣಿಗೆ ಹೋಗಲು ಬಿಡಿ.